ಸುಝೌ ಬಾಡಿಗೆ ಮನೆಯಲ್ಲಿ ಇಡ್ಲಿ, ಸಾರು, ಮೊಸರು: ಏನು ಒಯ್ಯಬೇಕು, ಏನು ಅಲ್ಲೇ ಸಿಗುತ್ತದೆ?

ಪ್ರಶ್ನೆ: ನನ್ನ ಯಜಮಾನರಿಗೆ ಚೀನಾದ ಸುಝೌ ನಗರದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ. ಅಕ್ಟೋಬರ್‌ನಲ್ಲಿ ಆರು ವರ್ಷದ ಮಗಳನ್ನು ಕರೆದುಕೊಂಡು ಹೊರಡುತ್ತಿದ್ದೇವೆ. ನಾವು ಸಸ್ಯಾಹಾರಿಗಳು, ಮೊಟ್ಟೆ ತಿನ್ನುತ್ತೇವೆ. ಮನೆಯಲ್ಲಿ ದಿನಾ ಅನ್ನ, ಸಾರು, ಪಲ್ಯ, ಚಪಾತಿ, ವಾರಕ್ಕೆರಡು ಸಲ ಇಡ್ಲಿ ಅಥವಾ ದೋಸೆ. ಎಲ್ಲವನ್ನೂ ಇಲ್ಲಿಂದಲೇ ಹೊತ್ತುಕೊಂಡು ಹೋಗಿ ಎನ್ನುವವರೂ ಇದ್ದಾರೆ, ಏನೂ ಬೇಡ ಎನ್ನುವವರೂ ಇದ್ದಾರೆ. ನಿಜವಾಗಿ ಏನು ಒಯ್ಯಬೇಕು? ಅಲ್ಲಿಯ ಅಡುಗೆಮನೆ ಹೇಗಿರುತ್ತದೆ? ಹೊರಗೆ ತಿನ್ನುವಾಗ ಏನು ನೋಡಿಕೊಳ್ಳಬೇಕು?

ಉತ್ತರ: ಅಕ್ಕಿ, ಗೋಧಿಹಿಟ್ಟು, ಎಣ್ಣೆ, ಸಕ್ಕರೆ, ಬೆಲ್ಲ, ಜೀರಿಗೆ, ಅರಿಶಿನ, ಕಡಲೆಕಾಯಿ, ತೆಂಗಿನಕಾಯಿ ಇವುಗಳಲ್ಲಿ ಒಂದನ್ನೂ ಒಯ್ಯಬೇಡಿ. ನಿಮ್ಮ ದಿನದ ಅಡುಗೆಗೆ ಬೇಕಾದ ಹೆಚ್ಚಿನ ಸಾಮಾನು ಸುಝೌದ ತರಕಾರಿ ಮಾರುಕಟ್ಟೆಯಲ್ಲಿ, ಧಾನ್ಯದಂಗಡಿಯಲ್ಲಿ ಮತ್ತು ಚೀನೀ ಔಷಧದ ಅಂಗಡಿಯಲ್ಲಿ ಇದೆ. ತೊಂದರೆ ಬರುವುದು ಸಾಮಾನು ಸಿಗದೆ ಅಲ್ಲ. ನೋಡಲು ಒಂದೇ ಥರ ಇರುವ ಬೇರೆ ಸಾಮಾನನ್ನು ತಂದು ಅಡುಗೆ ಕೆಟ್ಟು, ಇಲ್ಲಿ ಏನೂ ಸಿಗುವುದಿಲ್ಲ ಎಂದು ತೀರ್ಮಾನಿಸುವುದರಿಂದ. ಆದ್ದರಿಂದ ಈ ಉತ್ತರದಲ್ಲಿ ಹೆಚ್ಚಿನ ಜಾಗ ಆ ಮೋಸಹೋಗುವ ಸಾಮಾನುಗಳಿಗೇ.

ಮೊದಲು ಪೆಟ್ಟಿಗೆ. ಉದ್ದಿನ ಬೇಳೆ 3 ಕಿಲೋ, ತೊಗರಿ ಬೇಳೆ 2 ಕಿಲೋ, ಹುರಿಗಡಲೆ 1 ಕಿಲೋ, ಇಂಗು 100 ಗ್ರಾಂ, ನೀವು ಬಳಸುವ ಸಾರಿನ ಪುಡಿ ಮತ್ತು ಹುಳಿ ಪುಡಿ ಒಟ್ಟು 1 ಕಿಲೋ, ಬ್ಯಾಡಗಿ ಮೆಣಸಿನ ಪುಡಿ ಅರ್ಧ ಕಿಲೋ. ಪಾತ್ರೆಯಲ್ಲಿ ಇಡ್ಲಿ ತಟ್ಟೆ, ಮಿಕ್ಸಿ, 3 ಲೀಟರಿನ ಕುಕ್ಕರ್. ಕುಕ್ಕರಿಗೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಹೆಚ್ಚುವರಿ ಇರಲಿ. ಅಲ್ಲಿಯ ಕುಕ್ಕರ್‌ಗಳ ಗ್ಯಾಸ್ಕೆಟ್ ನಮ್ಮದಕ್ಕೆ ಕೂರುವುದಿಲ್ಲ, ಒಂದು ರಬ್ಬರ್ ಉಂಗುರಕ್ಕಾಗಿ ಇಡೀ ಕುಕ್ಕರ್ ಮೂಲೆ ಸೇರುತ್ತದೆ.

ಬೇಳೆ ಎಂದು ಬರೆದಿರುವುದು ಬೇಕೆಂದೇ. ಚೀನಾದ ಕಸ್ಟಮ್ಸ್ ನಿಯಮದ ಪ್ರಕಾರ ಪ್ರಯಾಣಿಕರು ಹಸಿ ಹಣ್ಣು, ತರಕಾರಿ, ಮೊಳಕೆಯೊಡೆಯಬಲ್ಲ ಬೀಜ, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಬೆಣ್ಣೆ, ಚೀಸ್ ಪಟ್ಟಿಯಲ್ಲೇ ಇವೆ, ಹಾಗಾಗಿ ತುಪ್ಪವನ್ನೂ ಬಿಡಿ. ಹಸಿ ಕರಿಬೇವು ಬೇಡವೇ ಬೇಡ. ಇಡೀ ಹೆಸರುಕಾಳು, ಹುರುಳಿ, ಸಾಸಿವೆ, ಮೆಂತ್ಯ ಬಿತ್ತಿದರೆ ಹುಟ್ಟುವಂಥವು, ತಡೆಯುವ ಸಾಧ್ಯತೆ ಇದೆ. ಒಡೆದ ಬೇಳೆ, ಹುರಿದ ಕಡಲೆ, ಪುಡಿ ಇವುಗಳಿಗೆ ಆ ಭಯ ಕಡಿಮೆ. ಕಾರ್ಖಾನೆಯ ಪ್ಯಾಕೆಟ್ಟಿನಲ್ಲೇ, ಲೇಬಲ್ ಕಾಣುವಂತೆ ಇಡಿ. ಸಂಶಯವಿದ್ದರೆ ಕೌಂಟರಿನಲ್ಲಿ ಘೋಷಿಸಿ. ಘೋಷಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಅಡಗಿಸಿ ಸಿಕ್ಕಿಬಿದ್ದರೆ ದಂಡವೂ ಬೀಳಬಹುದು.

ಇನ್ನು ಅಡುಗೆಮನೆ. ಬಾಡಿಗೆ ಫ್ಲಾಟುಗಳಲ್ಲಿ ಅದು ಚಿಕ್ಕದು, ಸಾಮಾನ್ಯವಾಗಿ ಗಾಜಿನ ಜಾರುಬಾಗಿಲು, ಎರಡು ಉರಿಯ ಕೊಳವೆ ಗ್ಯಾಸಿನ ಒಲೆ, ಮೇಲೆ ಬಲವಾದ ಹೊಗೆಯಂತ್ರ. ಓವನ್ ಇರುವುದಿಲ್ಲವೆಂದೇ ಇಟ್ಟುಕೊಳ್ಳಿ. ಒಲೆಯ ಉರಿ ಬಾಣಲೆಯಲ್ಲಿ ಸರಸರ ಹುರಿಯುವುದಕ್ಕಾಗಿ ಮಾಡಿದ್ದು, ಒಂದೊಂದು ಬರ್ನರ್ 4ರಿಂದ 5 ಕಿಲೋವ್ಯಾಟ್. ನಮ್ಮ ಮನೆಯ ಒಲೆಯ ಲೆಕ್ಕದಲ್ಲಿ ಕುಕ್ಕರ್ ಇಟ್ಟರೆ ಬೇಳೆ ತಳ ಹಿಡಿಯುತ್ತದೆ, ಒಗ್ಗರಣೆಯ ಸಾಸಿವೆ ಸಿಡಿಯುವಷ್ಟರಲ್ಲಿ ಉದ್ದಿನ ಬೇಳೆ ಕರಿದು ಕಪ್ಪಾಗಿರುತ್ತದೆ. ಗುಬುಟನ್ನು ಪೂರ್ತಿ ತಿರುಗಿಸಿ ಒಳಗಿನ ಚಿಕ್ಕ ಉಂಗುರ ಮಾತ್ರ ಉರಿಯುವಂತೆ ಮಾಡಿಕೊಳ್ಳಿ. ಸಾರು, ಕುಕ್ಕರ್, ಒಗ್ಗರಣೆ ಮೂರೂ ಅದರ ಮೇಲೆಯೇ. ಹೊತ್ತಿಸುವಾಗ ಗುಬುಟನ್ನು ಮೂರು ನಾಲ್ಕು ಸೆಕೆಂಡ್ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಸುರಕ್ಷಾ ವಾಲ್ವ್ ಗ್ಯಾಸ್ ನಿಲ್ಲಿಸಿಬಿಡುತ್ತದೆ. ಹೊಸ ಒಲೆಗಳಲ್ಲಿ ಬರ್ನರಿನ ನಡುವೆ ಸ್ಪ್ರಿಂಗಿನ ಮೇಲೆ ಕೂತ ಒಂದು ಗುಂಡಿ ಇದ್ದರೆ, ಅದು ಪಾತ್ರೆಯ ತಳದ ಬಿಸಿ ಅಳೆಯುವ ಸಾಧನ. ದೋಸೆ ಕಾವಲಿ ಚೆನ್ನಾಗಿ ಕಾದ ಹೊತ್ತಿಗೆ ಇದು ಉರಿಯನ್ನು ತಗ್ಗಿಸುತ್ತದೆ ಅಥವಾ ಆರಿಸುತ್ತದೆ, ಒಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಎರಡನೇ ಬರ್ನರಿನಲ್ಲಿ ಅದು ಇಲ್ಲದಿದ್ದರೆ ಕಾವಲಿ ಅಲ್ಲಿಗೆ.

ವಿದ್ಯುತ್ತು 220 ವೋಲ್ಟ್, 50 ಹರ್ಟ್ಸ್, ಹಾಗಾಗಿ ನಮ್ಮ ಮಿಕ್ಸಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ಓಡುತ್ತದೆ. ಪ್ಲಗ್ ಮಾತ್ರ ಬೇರೆ, ಅಲ್ಲಿಯ ಮೂರು ಕಡ್ಡಿಗಳೂ ಚಪ್ಪಟೆ. ಅರ್ಥಿಂಗ್ ಇರುವ 10 ಆಂಪಿಯರಿನ ಅಡಾಪ್ಟರ್ ಎರಡು ಕೊಂಡುಹೋಗಿ. ಅಲ್ಲಿಯ ಬ್ಲೆಂಡರ್ ಇದೆಯಲ್ಲ ಎಂದು ಮಿಕ್ಸಿ ಬಿಟ್ಟುಹೋಗಬೇಡಿ. ಪೋಬೀಜಿ ಎಂದು ಮಾರುವ ಆ ಯಂತ್ರದ ಜಾರ್ ಒಂದೂವರೆ ಲೀಟರಿಗಿಂತ ದೊಡ್ಡದು, ಎರಡು ಹಿಡಿ ತೆಂಗಿನತುರಿ ಹಾಕಿದರೆ ಗೋಡೆಗೆ ಅಂಟಿಕೊಂಡು ಬ್ಲೇಡಿಗೆ ಸಿಗುವುದೇ ಇಲ್ಲ. ಚಟ್ನಿಗೂ ಖಾರಕ್ಕೂ ನಮ್ಮ ಚಿಕ್ಕ ಜಾರೇ ಸರಿ. ಇಂಡಕ್ಷನ್ ಒಲೆ ಅಗ್ಗ, ಆದರೆ ಅಗ್ಗದವು ಕಡಿಮೆ ಶಾಖದಲ್ಲಿ ಸಮವಾಗಿ ಕಾಯಿಸುವುದಿಲ್ಲ. ಪೂರ್ತಿ ಬಲದಲ್ಲಿ ಹತ್ತಿ ಆರಿ ಮಾಡುತ್ತವೆ. ಅದರ ಮೇಲೆ ಹಾಲು ಉಕ್ಕುತ್ತದೆ, ತುಪ್ಪ ಸೀಯುತ್ತದೆ. ನೀರು ಕಾಯಿಸಲು, ತರಕಾರಿ ಬೇಯಿಸಲು ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲ. ಅಲ್ಲಿಗೆ ಹೋದ ಮೇಲೆ ಒಂದು ವಿದ್ಯುತ್ ಪ್ರೆಶರ್ ಕುಕ್ಕರ್ ಕೊಳ್ಳಿ, ಮೊಸರು ಮಾಡುವ ಗುಂಡಿ ಇರುವಂಥದ್ದು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ, ಇಡ್ಲಿಯ ಮಾತು ಬಂದಾಗ ಗೊತ್ತಾಗುತ್ತದೆ.

ಅಕ್ಕಿಯಲ್ಲಿ ಎರಡು ಜಾತಿ ನೆನಪಿಡಿ. ಸುಝೌದ ಅಂಗಡಿಯಲ್ಲಿ ಎದುರಿಗೇ ರಾಶಿ ಹಾಕಿರುವುದು ಜಿಂಗ್ ಮಿ, ಗುಂಡಗೆ ಗಿಡ್ಡಗೆ ಇರುವ ಅಂಟು ಬರುವ ಅಕ್ಕಿ. ಈಶಾನ್ಯ ಚೀನಾದಿಂದ ಬರುವ ಹೆಸರಾದ ಅಕ್ಕಿಗಳೆಲ್ಲ ಇದೇ. ಕಡ್ಡಿಯಲ್ಲಿ ಎತ್ತಿ ತಿನ್ನುವವರಿಗೆ ಇದು ಸೊಗಸು; ಸಾರಿಗೆ ಹಾಕಿ ಕಲಸಿದರೆ ಗಂಟುಗಂಟು, ಚಿತ್ರಾನ್ನ ಮಾಡಿದರೆ ಮುದ್ದೆ. ನಿಮಗೆ ಬೇಕಾದದ್ದು ಶಿಯೆನ್ ಮಿ, ಉದ್ದಕಾಳಿನದು. ಅದರಲ್ಲಿ ಗ್ವಾಂಗ್‌ಡಾಂಗ್ ಕಡೆಯ ಸಿಮಿಯಾವ್ ಅಕ್ಕಿ ಸಣ್ಣಕಾಳು, ಬಿಡಿಬಿಡಿಯಾಗಿ ಆಗುತ್ತದೆ, ಸೋನಾ ಮಸೂರಿಗೆ ಹತ್ತಿರ. ಪೊಟ್ಟಣದ ಹಿಂದೆ ಉತ್ಪನ್ನದ ಬಗೆ ಎಂಬ ಸಾಲಿನಲ್ಲಿ ಯಾವ ಜಾತಿ ಎಂದು ಅಚ್ಚಾಗಿರುತ್ತದೆ, ಫೋನಿನ ಕ್ಯಾಮೆರಾ ಅನುವಾದದಲ್ಲಿ ನೋಡಿಕೊಳ್ಳಿ. ಒಂದು ಅಳತೆ ಸಿಮಿಯಾವ್‌ಗೆ ರೈಸ್ ಕುಕ್ಕರಿನಲ್ಲಿ ಒಂದೂವರೆ ನೀರು, ಚಿತ್ರಾನ್ನ ಪುಳಿಯೋಗರೆಗೆ ಒಂದೂಕಾಲು ಸಾಕು. ಒಳಪಾತ್ರೆಯಲ್ಲಿ ಗೀಚಿರುವ ಗೆರೆ ಜಿಂಗ್ ಮಿಗೆ ಅಳತೆ ಮಾಡಿದ್ದು, ಅದನ್ನು ನಂಬಿದರೆ ನಿಮ್ಮ ಅನ್ನ ಗಟ್ಟಿಯಾಗುತ್ತದೆ. ಮೊಸರನ್ನಕ್ಕೆ ಮಾತ್ರ ಜಿಂಗ್ ಮಿ ಚೆನ್ನ, ಹಿಸುಕಿದರೆ ಬೆಣ್ಣೆಯಂತೆ ಸೇರುತ್ತದೆ.

ಇಡ್ಲಿ. ಅಲ್ಲಿ ಇಡ್ಲಿ ಕೆಡುವುದಕ್ಕೆ ಮೂರು ಕಾರಣ: ಅಂಟು ಅಕ್ಕಿ, ರುಬ್ಬುವಾಗ ಕಾದ ಹಿಟ್ಟು, ಚಳಿ. ಮೊದಲನೆಯದಕ್ಕೆ ಝಾವ್‌ಶಿಯೆನ್ ಮಿ ತನ್ನಿ. ಇದು ಬೇಗ ಕೊಯ್ಲಾಗುವ ಉದ್ದಕಾಳಿನ ಅಕ್ಕಿ, ಅಗ್ಗ, ಅನ್ನಕ್ಕೆ ಅಷ್ಟು ರುಚಿಯಿಲ್ಲ. ಅಂಟು ಕಡಿಮೆ ಇರುವುದರಿಂದ ಅಕ್ಕಿಶಾವಿಗೆ ಮಾಡುವವರು ಇದನ್ನೇ ಬಳಸುತ್ತಾರೆ. ಇಡ್ಲಿಗೂ ಬೇಕಾದದ್ದು ಆ ಗುಣವೇ. 600 ಗ್ರಾಂ ಅಕ್ಕಿಗೆ 200 ಗ್ರಾಂ ಉದ್ದಿನ ಬೇಳೆ, ಅರ್ಧ ಚಮಚ ಮೆಂತ್ಯ. ಕುಸುಬಲಕ್ಕಿ ಇಲ್ಲದ್ದರಿಂದ ಇಡ್ಲಿ ಗಟ್ಟಿಯಾಗದಂತೆ ರುಬ್ಬುವಾಗ ಅರ್ಧ ಬಟ್ಟಲು ಅನ್ನ ಸೇರಿಸಿ. ಅಕ್ಕಿ ಐದು ಗಂಟೆ, ಬೇಳೆ ಮತ್ತು ಮೆಂತ್ಯ ನಾಲ್ಕು ಗಂಟೆ ನೆನೆಯಲಿ.

ಉದ್ದನ್ನು ಮೊದಲು ರುಬ್ಬಿ, ಫ್ರಿಜ್ಜಿನ ನೀರಿನಲ್ಲಿ. ಮೂವತ್ತು ಸೆಕೆಂಡ್ ಓಡಿಸಿ, ಒಂದು ನಿಮಿಷ ನಿಲ್ಲಿಸಿ, ಬದಿ ಕೆರೆದು ಮತ್ತೆ. ಜಾರನ್ನು ಹೊರಗಿನಿಂದ ಮುಟ್ಟಿದರೆ ಬೆಚ್ಚಗೆನಿಸಬಾರದು. ಬೆಚ್ಚಗಾದರೆ ಎರಡು ತುಂಡು ಐಸ್ ಹಾಕಿ. ರುಬ್ಬಿದ ಉದ್ದಿನ ಒಂದು ಹನಿ ನೀರಿಗೆ ಬಿಟ್ಟರೆ ತೇಲಬೇಕು. ಅಕ್ಕಿಯನ್ನು ಸಣ್ಣ ರವೆಯಷ್ಟು ತರಿಯಾಗಿ ತೆಗೆದು, ಎರಡನ್ನೂ ಎರಡು ಚಮಚ ಉಪ್ಪು ಹಾಕಿ ಕೈಯಿಂದಲೇ ಕಲಸಿ.

ಚಳಿ ದೊಡ್ಡ ಶತ್ರು. ಚೀನಾದಲ್ಲಿ ಊರಿಗೆಲ್ಲ ಕೊಳವೆಯಲ್ಲಿ ಬಿಸಿ ಹಾಯಿಸುವ ವ್ಯವಸ್ಥೆ ಉತ್ತರದವರಿಗೆ. ಸುಝೌ ಯಾಂಗ್‌ತ್ಸೆ ನದಿಯ ದಕ್ಷಿಣಕ್ಕಿದೆ, ಅಲ್ಲಿ ಅದು ಸಾಮಾನ್ಯವಾಗಿ ಇಲ್ಲ. ಜನವರಿಯಲ್ಲಿ ಅಡುಗೆಮನೆಯ ಶಾಖ ಹತ್ತು ಹನ್ನೆರಡು ಡಿಗ್ರಿಗೆ ಇಳಿದಿರುತ್ತದೆ, ಹಿಟ್ಟು ಎರಡು ದಿನ ಇಟ್ಟರೂ ಉಬ್ಬದೆ ಮುಗ್ಗಲು ವಾಸನೆ ಬರುತ್ತದೆ. ಆಗ ವಿದ್ಯುತ್ ಕುಕ್ಕರಿನ ಒಳಪಾತ್ರೆಗೆ ಅರ್ಧಕ್ಕಿಂತ ಹೆಚ್ಚಾಗದಂತೆ ಹಿಟ್ಟು ತುಂಬಿ ಮೊಸರಿನ ಗುಂಡಿ ಒತ್ತಿ. ಅದು 40 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸುತ್ತದೆ, ಇಡ್ಲಿಗೆ ಅದು ಹೆಚ್ಚೇ. ಹಾಗೇ ಎಂಟು ಗಂಟೆ ಬಿಟ್ಟರೆ ಹುಳಿ ಮುಂದೆ ಹೋಗಿ ಉಬ್ಬು ಹಿಂದೆ ಉಳಿಯುತ್ತದೆ. ಒಂದು ಗಂಟೆ ಆದ ಮೇಲೆ ಆರಿಸಿ, ಕುಕ್ಕರಿಗೆ ದಪ್ಪ ಟವೆಲ್ ಸುತ್ತಿ ಮೂರು ಗಂಟೆ ಬಿಡಿ, ಮತ್ತೆ ಒಂದು ಗಂಟೆ ಹಾಕಿ, ಮತ್ತೆ ಬಿಡಿ. ಹತ್ತು ಹನ್ನೆರಡು ಗಂಟೆಯಲ್ಲಿ ಹಿಟ್ಟು ಒಂದೂಮುಕ್ಕಾಲು ಪಟ್ಟು ಏರುತ್ತದೆ. ಬಿಸಿ ಕಾಯ್ದಿಡುವ ಗುಂಡಿಯನ್ನು ಮಾತ್ರ ಒತ್ತಬೇಡಿ. ಅದು ಅನ್ನ ಹಳಸದಂತೆ 60 ಡಿಗ್ರಿಯ ಮೇಲೆ ಇಡುತ್ತದೆ, ಹಿಟ್ಟಿನ ಅಂಚು ಬೆಂದು ಹುದುಗು ಸಾಯುತ್ತದೆ.

ಬೇಯಿಸಲು ಅಲ್ಲಿಯ ಬಿದಿರಿನ ಹಬೆಬುಟ್ಟಿ ಬಲು ಉಪಕಾರಿ. ಬಿದಿರಿನ ಮುಚ್ಚಳ ಹಬೆಯನ್ನು ಹೀರಿಕೊಳ್ಳುವುದರಿಂದ ಇಡ್ಲಿಯ ಮೇಲೆ ನೀರು ತೊಟ್ಟಿಕ್ಕುವುದಿಲ್ಲ. ಅಂಚಿರುವ ಸ್ಟೀಲ್ ತಟ್ಟೆಗೆ ಎಣ್ಣೆ ಸವರಿ ಹಿಟ್ಟು ಹುಯ್ದರೆ ಒಳ್ಳೆಯ ತಟ್ಟೆ ಇಡ್ಲಿ ಆಗುತ್ತದೆ. ನೀರು ಮರಳಿದ ಮೇಲೆ ಹನ್ನೆರಡು ನಿಮಿಷ, ತಟ್ಟೆ ಇಡ್ಲಿಗೆ ಹದಿನೈದು. ಸೋಡಾ ಹಾಕುವವರಾದರೆ ಶಿಯಾವ್‌ಸುದಾ ಎಂಬುದನ್ನೇ ಕೊಳ್ಳಿ. ಪಕ್ಕದಲ್ಲೇ ಅದೇ ಅಳತೆಯ ಪೊಟ್ಟಣದಲ್ಲಿ ಇರುವ ಶಿಯೊಂಗ್‌ಜಿಯೆನ್ ವಾಷಿಂಗ್ ಸೋಡಾದ ರಾಸಾಯನಿಕವೇ, ತಿನ್ನಲು ಶುದ್ಧೀಕರಿಸಿದ್ದು. ನೂಡಲ್ ಹಿಟ್ಟಿಗೆ ಅದು ಬೇಕು, ಇಡ್ಲಿಗೆ ಹಾಕಿದರೆ ಹಳದಿ ಬಣ್ಣ, ಸಾಬೂನಿನ ರುಚಿ.

ಕಾಳು ಬೇಳೆಗೆ ಬರೋಣ. ಕಪ್ಪು ಉದ್ದಿನಂತೆ ಕಾಣುವ ಹೇದೋವ್ ಎಲ್ಲ ಅಂಗಡಿಯಲ್ಲೂ ಇದೆ. ಅದು ಕಪ್ಪು ಸಿಪ್ಪೆಯ ಸೋಯಾ. ಉದ್ದಿಗಿಂತ ದಪ್ಪ, ಒಡೆದರೆ ಒಳಗೆ ಹಳದಿ ಅಥವಾ ಹಸಿರು. ರುಬ್ಬಿದರೆ ನೊರೆ ಬರುತ್ತದೆ, ಲೋಳೆ ಬರುವುದಿಲ್ಲ, ಇಡ್ಲಿ ಕಲ್ಲಾಗುತ್ತದೆ. ಪೆಟ್ಟಿಗೆಯಲ್ಲಿ ಉದ್ದಿಗೆ ಅಷ್ಟು ಜಾಗ ಕೊಟ್ಟಿರುವುದು ಅದಕ್ಕೇ. ಹೆಸರು ಲ್ಯುದೋವ್, ಎಲ್ಲೆಡೆ ಸಿಗುತ್ತದೆ. ಸಿಪ್ಪೆ ತೆಗೆದದ್ದು ಬೇಕೆಂದರೆ ಛ್ಯುಪಿ ಲ್ಯುದೋವ್ ಎಂದು ಕೇಳಿ, ಸಿಹಿತಿಂಡಿಗೆಂದು ಮಾರುತ್ತಾರೆ, ನಮ್ಮ ಹೆಸರುಬೇಳೆಯೇ. ಕೆಂಪು ಮಸೂರ ಹೊಂಗ್ ಬಿಯೆನ್‌ದೋವ್. ಕಾಬೂಲಿ ಕಡಲೆ ಇಂಗ್‌ಝ್ವೇದೋವ್, ಶಿನ್‌ಜಿಯಾಂಗ್‌ನಲ್ಲಿ ಬೆಳೆಯುತ್ತಾರೆ. ತೊಗರಿ ಮಾತ್ರ ಸಾಮಾನ್ಯ ಅಂಗಡಿಯಲ್ಲಿ ಇಲ್ಲ. ತಂದದ್ದು ಮುಗಿದರೆ ಎರಡು ಪಾಲು ಹೆಸರುಬೇಳೆಗೆ ಒಂದು ಪಾಲು ಮಸೂರ ಹಾಕಿ ಬೇಯಿಸಿ. ಸಾರಿಗೆ ಮೈ ಬರುತ್ತದೆ, ಬಣ್ಣವೂ ಸರಿ. ಹುಳಿಗೆ, ಬಿಸಿಬೇಳೆಬಾತಿಗೆ ಸಿಪ್ಪೆ ತೆಗೆದು ಒಡೆದ ಹಳದಿ ಬಟಾಣಿ ಚೆನ್ನಾಗಿ ನಿಲ್ಲುತ್ತದೆ, ಆಂಬೊಡೆಗೆ ಕಡಲೆಬೇಳೆಯ ಬದಲಿಗೂ ಅದೇ.

ಅವರೆ ಇಲ್ಲದೆ ಇರಲಾರಿರಿ ಎಂದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಚೀನೀ ಔಷಧದಂಗಡಿಯಲ್ಲಿ, ದೊಡ್ಡ ಧಾನ್ಯದಂಗಡಿಯಲ್ಲಿ ಬೈಬಿಯೆನ್‌ದೋವ್ ಎಂದು ಸಿಗುವ ಬಿಳಿಕಾಳು ಒಣ ಅವರೆಯೇ. ಕಾಳಿನ ಬದಿಯಲ್ಲಿ ಉಬ್ಬಿದ ಬಿಳಿ ಹುಬ್ಬು ನೋಡಿದರೆ ಗುರುತು ಸಿಗುತ್ತದೆ. ಔಷಧಕ್ಕೆಂದು ಹುರಿದದ್ದನ್ನೂ ಇಟ್ಟಿರುತ್ತಾರೆ, ಛಾವ್ ಎಂದು ಹೆಸರಿಗೆ ಸೇರಿದ್ದರೆ ಬಿಡಿ. ಹನ್ನೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಐದು ಸೀಟಿ. ಶರತ್ಕಾಲದಲ್ಲಿ ಹಸಿ ಕಾಯಿಯೂ ಮಾರುಕಟ್ಟೆಗೆ ಬರುತ್ತದೆ, ಸ್ಥಳೀಯರು ಸಿಪ್ಪೆ ಸಮೇತ ಪಲ್ಯ ಮಾಡುತ್ತಾರೆ. ಬಲಿತದ್ದನ್ನು ಆರಿಸಿದರೆ ಕಾಳು ಬಿಡಿಸಿಕೊಳ್ಳಬಹುದು. ಹುರುಳಿಕಾಯಿ, ಅವರೆಕಾಯಿ, ರಾಜ್ಮಾ ಈ ಮೂರನ್ನೂ ಅರೆಬೆಂದಂತೆ ತಿನ್ನಬಾರದು. ಅವುಗಳಲ್ಲಿರುವ ಲೆಕ್ಟಿನ್ ಕೆಡದಿದ್ದರೆ ಒಂದೆರಡು ಗಂಟೆಯಲ್ಲಿ ವಾಂತಿ ಶುರು. ಕಾಯಿ ಕಡುಹಸಿರು ಬಣ್ಣ ಬಿಟ್ಟು ಮೆತ್ತಗಾಗುವವರೆಗೆ ಬೇಯಿಸಿ, ರಾಜ್ಮಾ ಕುದಿಯುವ ನೀರಿನಲ್ಲಿ ಹತ್ತು ನಿಮಿಷವಾದರೂ ಕುದಿಯಲೇಬೇಕು. ನಿಧಾನ ಬೇಯಿಸುವ ಗುಂಡಿಯಲ್ಲಿ ರಾಜ್ಮಾ ಇಡುವುದು ಅಪಾಯ.

ಮಸಾಲೆಯಲ್ಲಿ ಜೀರಿಗೆ ಝೀರಾನ್, ಶಿನ್‌ಜಿಯಾಂಗ್‌ನದು, ಘಮ ಚೆನ್ನಾಗಿದೆ. ಅದರ ಪಕ್ಕದ ಡಬ್ಬಿಯ ಶಿಯಾವ್‌ಹ್ವೇಶಿಯಾಂಗ್ ಸೋಂಪು. ಆಕಾರ ಹೋಲುತ್ತದೆ, ಮೂಸಿ ಕೊಳ್ಳಿ. ಲವಂಗ, ಚಕ್ಕೆ, ಚಕ್ರಮೊಗ್ಗು ಬೇಕಾದಷ್ಟು. ತ್ಸಾವ್‌ಗ್ವೋ ಎಂಬ ದಪ್ಪ ಏಲಕ್ಕಿಗೆ ಹೊಗೆಯ ವಾಸನೆ, ಪಾಯಸಕ್ಕೆ ಹಾಕಬೇಡಿ. ಅರಿಶಿನ ಜಿಯಾಂಗ್‌ಹ್ವಾಂಗ್, ಮೆಂತ್ಯ ಹೂಲುಬಾ, ಎರಡೂ ಔಷಧದಂಗಡಿಯಲ್ಲಿ. ಸಾಸಿವೆಯೂ ಅಲ್ಲೇ, ಜಿಯೆಝಿ ಎಂದು. ಹಸಿಯದು ಬೇಕು, ಶೆಂಗ್ ಎಂದು ಸೇರಿಸಿ ಹೇಳಿ. ಹುರಿದದ್ದು ಎಣ್ಣೆಯಲ್ಲಿ ಸರಿಯಾಗಿ ಸಿಡಿಯುವುದಿಲ್ಲ. ಸಾಸಿವೆಯನ್ನೂ ಕೊತ್ತಂಬರಿ ಬೀಜವನ್ನೂ ಆನ್‌ಲೈನಿನಲ್ಲಿ ತರಿಸುವಾಗ ಚಿತ್ರ ನೋಡಿ ಒತ್ತಬೇಡಿ. ಅಗ್ಗವಾಗಿ ಕಾಣುವುದು ಬಿತ್ತನೆ ಬೀಜ, ಅದಕ್ಕೆ ಕೀಟನಾಶಕ ಲೇಪಿಸಿರಬಹುದು. ಕಸೂರಿ ಮೇಥಿಗೆ ಒಂದು ಒಳ್ಳೆಯ ಬದಲಿ ಇದೆ. ಗಾನ್ಸು, ಛಿಂಗ್‌ಹಾಯ್ ಕಡೆಯವರು ರೊಟ್ಟಿಗೆ ಹಾಕುವ ಹಸಿರು ಪುಡಿ, ಶಿಯಾಂಗ್‌ದೋವ್ ಅಥವಾ ಕೂದೋವ್ ಎನ್ನುತ್ತಾರೆ. ಅದು ಮೆಂತ್ಯಸೊಪ್ಪಿನದೇ.

ಬ್ಯಾಡಗಿ ಪುಡಿ ಮುಗಿದ ಮೇಲೆ ಗ್ವೇಜೌ ಕಡೆಯ ಗುಂಡನೆಯ ದೆಂಗ್‌ಲೊಂಗ್‌ಜಿಯಾವ್ ಒಣಮೆಣಸು ತನ್ನಿ: ಖಾರ ಕಡಿಮೆ, ಬಣ್ಣ ಮತ್ತು ಘಮ ಹೆಚ್ಚು. ಹಸಿಮೆಣಸಿನಲ್ಲಿ ಶಿಯಾವ್‌ಮಿಲಾ ಗಿಡ್ಡ, ವಿಪರೀತ ಖಾರ, ನಿಮ್ಮ ಲೆಕ್ಕದ ಮೂರರಲ್ಲಿ ಒಂದು ಪಾಲು ಸಾಕು. ಕರಿಬೇವು ಆನ್‌ಲೈನಿನಲ್ಲಿ ಹಸಿಯಾಗಿಯೂ ಸಸಿಯಾಗಿಯೂ ಸಿಗುತ್ತದೆ, ಗಾಲಿಯೆ ಎಂದು ಹುಡುಕಿ. ನರ್ಸರಿಯವರು ತೋರಿಸುವ ಜಿಯುಲಿಶಿಯಾಂಗ್ ಹೆಚ್ಚಾಗಿ ಕಾಡು ಕರಿಬೇವಿನ ಅಲಂಕಾರದ ಗಿಡ, ಎಲೆ ಹಿಸುಕಿ ಮೂಸಿದರೆ ನಮ್ಮ ಘಮ ಬರುವುದಿಲ್ಲ. ಹುಣಸೆಗೆ ಯುನ್ನಾನಿನ ಸ್ವಾನ್‌ಜಿಯಾವ್. ತಿನ್ನುವ ಹಣ್ಣಾಗಿ ಮಾರುವ ತಿಯೆನ್‌ಜಿಯಾವ್ ಸಿಹಿಹುಣಸೆ, ಸಾರಿಗೆ ಹುಳಿಯೇ ಬರುವುದಿಲ್ಲ.

ಹಿಟ್ಟಿನ ವಿಷಯ. ನಮ್ಮ ಆಟಾ ಗಿರಣಿಯ ಕಲ್ಲಿನಲ್ಲಿ ಬೀಸಿದ್ದು, ನೀರು ಜಾಸ್ತಿ ಕುಡಿಯುತ್ತದೆ. ಅಲ್ಲಿಯ ಇಡಿ ಗೋಧಿಹಿಟ್ಟು ಛ್ವಾನ್‌ಮೈ ಮಿಯೆನ್‌ಫೆನ್‌ನಲ್ಲಿ ತೌಡು ದಪ್ಪದಪ್ಪ ಚೂರಾಗಿ ಇರುತ್ತದೆ, ಲಟ್ಟಿಸುವಾಗ ಚಪಾತಿ ಅಲ್ಲಲ್ಲಿ ಹರಿಯುತ್ತದೆ, ಉಬ್ಬಿದ ಗಾಳಿ ಆ ತೂತಿನಿಂದ ಹೋಗಿಬಿಡುತ್ತದೆ. 200 ಗ್ರಾಂ ಮಧ್ಯಮ ಅಂಟಿನ ಹಿಟ್ಟಿಗೆ 100 ಗ್ರಾಂ ಇಡಿ ಗೋಧಿಹಿಟ್ಟು ಜರಡಿ ಹಿಡಿದು ಬೆರೆಸಿ. ಮೊದಲು 80 ಮಿಲಿ ಕುದಿಯುವ ನೀರನ್ನು ಚಮಚದಿಂದ ಕಲಸಿ, ಆಮೇಲೆ 90 ಮಿಲಿಯಷ್ಟು ತಣ್ಣೀರು ಸ್ವಲ್ಪಸ್ವಲ್ಪವಾಗಿ, ಎರಡು ಚಮಚ ಎಣ್ಣೆ. ನಲವತ್ತು ನಿಮಿಷ ಮುಚ್ಚಿಡಿ. ಕಲಸಿದ ಕೂಡಲೆ ಲಟ್ಟಿಸಿದರೆ ಅಂಟು ಎಳೆದು ಹಿಂದಕ್ಕೆ ಬರುತ್ತದೆ. ಕೇಕಿಗೆಂದು ಮಾರುವ ಕಡಿಮೆ ಅಂಟಿನ ದೀಜಿನ್ ಹಿಟ್ಟಿನಿಂದ ಚಪಾತಿ ಆಗದು. ದಿಯೆನ್‌ಬಿಂಗ್‌ಛೆಂಗ್ ಎಂಬ ಮೇಲೆ ಕೆಳಗೆ ಎರಡೂ ಕಡೆ ಕಾಯುವ ವಿದ್ಯುತ್ ಕಾವಲಿ ಒಂದು ಕೊಂಡರೆ ಅಕ್ಕಿರೊಟ್ಟಿಗೂ ಆಯಿತು. ಅಕ್ಕಿಹಿಟ್ಟು ಜಾನ್‌ಮಿಫೆನ್ ಎಂದೇ ಕೇಳಿ ತನ್ನಿ. ನ್ವೋಮಿಫೆನ್ ಅಂಟಕ್ಕಿಯದು, ರೊಟ್ಟಿ ತಟ್ಟುವಾಗಲೇ ಕೈಗೆ ಹತ್ತುತ್ತದೆ, ಕಡುಬು ಹಬೆಯಲ್ಲಿ ಕರಗಿ ಕೂರುತ್ತದೆ.

ನವಣೆ ತಿನ್ನುವವರಿಗೆ ಚೀನಾ ತವರು. ಅವರ ಶಿಯಾವ್‌ಮಿ ನಮ್ಮ ನವಣೆಯೇ, ಉತ್ತರ ಚೀನಾದ ದಿನನಿತ್ಯದ ಗಂಜಿ ಅದರದು, ಸುಝೌದಲ್ಲೂ ಮೂಲೆಯಂಗಡಿಯಲ್ಲಿ ಸಿಗುತ್ತದೆ. ಉಪ್ಪಿಟ್ಟು, ಪೊಂಗಲ್, ಬಿಸಿಬೇಳೆಬಾತ್ ಎಲ್ಲಕ್ಕೂ ಸರಿ. ಅದಕ್ಕಿಂತ ದಪ್ಪಕಾಳಿನ ದಾಹ್ವಾಂಗ್‌ಮಿ ಅಂಟು ಬರಗು, ಉಪ್ಪಿಟ್ಟಿಗೆ ಬೇಡ. ರಾಗಿ ಕಷ್ಟ. ಟಿಬೆಟಿನ ಮೋತ್ವೋ ಪ್ರದೇಶದ ಜಿಜ್ವಾಗು ರಾಗಿಯೇ, ಆನ್‌ಲೈನಿನಲ್ಲಿ ಕಾಳಾಗಿ ಸಿಗುತ್ತದೆ, ಬೀಸಿಕೊಳ್ಳಬೇಕು. ಮಗುವಿಗೆ ದಿನಾ ರಾಗಿ ಬೇಕೆಂದರೆ ಹಿಟ್ಟು 2 ಕಿಲೋ ಇಲ್ಲಿಂದಲೇ ಒಯ್ಯಿರಿ.

ಮೊಸರು ಮಾಡುವವರು ಅಲ್ಲಿ ಎಡವುವುದು ಹೆಪ್ಪಿನಲ್ಲಿ. ಫ್ರಿಜ್ಜಿನ ಹೊರಗೆ ಪೆಟ್ಟಿಗೆಯಲ್ಲಿ ಜೋಡಿಸಿ ಮಾರುವ ದಪ್ಪ ಮೊಸರನ್ನು ಹೆಪ್ಪಾದ ಮೇಲೆ ಮತ್ತೆ ಕಾಯಿಸಿರುತ್ತಾರೆ, ಬ್ಯಾಕ್ಟೀರಿಯಾ ಜೀವಂತ ಇರುವುದಿಲ್ಲ. ಅದನ್ನು ಎಷ್ಟು ಹಾಕಿದರೂ ಹಾಲು ಹಾಲಾಗಿಯೇ ಉಳಿಯುತ್ತದೆ. ಫ್ರಿಜ್ಜಿನಲ್ಲಿ ಇಟ್ಟು ಮಾರುವ, ಪದಾರ್ಥಗಳ ಪಟ್ಟಿಯಲ್ಲಿ ಹಾಲು ಮತ್ತು ಬ್ಯಾಕ್ಟೀರಿಯಾ ಎರಡೇ ಇರುವ, ಸಕ್ಕರೆ ಇಲ್ಲದ ಮೊಸರು ಆರಿಸಿ. ಟೆಟ್ರಾ ಪೆಟ್ಟಿಗೆಯ ಹಾಲು ಈಗಾಗಲೇ ಹೆಚ್ಚು ಶಾಖಕ್ಕೆ ಕಾಯಿಸಿದ್ದು, ಕುದಿಸುವುದು ಬೇಡ. ಒಂದು ಲೀಟರನ್ನು 43 ಡಿಗ್ರಿಗೆ, ಅಂದರೆ ಕಿರುಬೆರಳು ಇಟ್ಟರೆ ಬಿಸಿ ತಾಗಿಯೂ ಸುಡದಷ್ಟಕ್ಕೆ, ಬೆಚ್ಚಗೆ ಮಾಡಿ ಒಂದು ದೊಡ್ಡ ಚಮಚ ಹೆಪ್ಪು ಹಾಕಿ. ಕುಕ್ಕರಿನ ಮೊಸರಿನ ಗುಂಡಿಯಲ್ಲಿ ಆರರಿಂದ ಎಂಟು ಗಂಟೆ. ಇಲ್ಲಿ ಅದು ಪೂರ್ತಿ ಹೊತ್ತು ಓಡಬಹುದು. ಕೆಲವು ಸಲದ ಬಳಿಕ ಮೊಸರು ನೂಲು ಎಳೆದಂತೆ ಲೋಳೆಯಾದರೆ ಹೊಸ ಹೆಪ್ಪಿಗೆ ಬದಲಾಯಿಸಿ. ತುಪ್ಪಕ್ಕೆ ಉಪ್ಪಿಲ್ಲದ ಬೆಣ್ಣೆ ದೊಡ್ಡ ಅಂಗಡಿಯಲ್ಲಿ 454 ಗ್ರಾಮಿನ ಗಟ್ಟಿಯಾಗಿ ಸಿಗುತ್ತದೆ, ಸಣ್ಣ ಉರಿಯಲ್ಲಿ ಕಾಯಿಸಿದರೆ ಸುಮಾರು 360 ಗ್ರಾಂ ತುಪ್ಪ. ವನಸ್ಪತಿಯ ಬೆಣ್ಣೆಯೂ ಅದೇ ಕಪಾಟಿನಲ್ಲಿ ಇರುತ್ತದೆ, ಪದಾರ್ಥದ ಪಟ್ಟಿ ಓದಿ.

ಎಣ್ಣೆಗೆ ಕಡಲೆಕಾಯಿಯದು, ಹ್ವಾಶೆಂಗ್‌ಯೋವ್. ಶಿಯಾಂಗ್‌ಯೋವ್ ಹುರಿದ ಎಳ್ಳಿನ ಎಣ್ಣೆ, ಎರಡು ಹನಿ ಮೇಲೆ ಹಾಕುವಂಥದ್ದು. ಒಗ್ಗರಣೆಗೆ ಹಾಕಿದರೆ ಕಹಿ. ಬೆಲ್ಲಕ್ಕೆ ಹೊಂಗ್‌ಥಾಂಗ್‌ನ ಅಚ್ಚು, ಪದಾರ್ಥದಲ್ಲಿ ಕಬ್ಬು ಒಂದೇ ಇರಬೇಕು. ತೆಂಗಿನಹಾಲು ಬೇಕಾದರೆ ಯೆಜಿಯಾಂಗ್. ಯೆಜಿ ಸಕ್ಕರೆ ಹಾಕಿದ ಪಾನೀಯ. ತುರಿಯಲು ಬಲಿತ ಕಾಯಿ ಹೈನಾನ್ ದ್ವೀಪದಿಂದ ಬರುತ್ತದೆ, ಲಾವ್ ಯೆಝಿ ಎಂದು ಕೇಳಿ.

ತರಕಾರಿಗೆ ಚಿಂತೆಯಿಲ್ಲ. ಹೀರೆ, ಸೋರೆ, ಬೂದುಗುಂಬಳ, ಹಾಗಲ, ಅಲಸಂದೆಕಾಯಿ, ದಂಟು, ಬಸಳೆ ಎಲ್ಲವೂ ಆಯಾ ಋತುವಿನಲ್ಲಿ ಸಿಗುತ್ತವೆ, ನುಗ್ಗೆಕಾಯಿ ಅಪರೂಪ. ಬೆಲೆ ಹೇಳುವುದು ಜಿನ್ ಲೆಕ್ಕದಲ್ಲಿ, ಒಂದು ಜಿನ್ ಅರ್ಧ ಕಿಲೋ. ಅದನ್ನು ಕಿಲೋದ ಬೆಲೆ ಎಂದುಕೊಳ್ಳಬೇಡಿ, ಕಿಲೋಗೆ ಅದರ ಎರಡರಷ್ಟಾಗುತ್ತದೆ. ಹಣ ಫೋನಿನಲ್ಲೇ. ಅಲಿಪೇ, ವೀಚಾಟ್ ಎರಡಕ್ಕೂ ನಮ್ಮ ವೀಸಾ, ಮಾಸ್ಟರ್ ಕಾರ್ಡ್ ಜೋಡಿಸಬಹುದು. 200 ಯುವಾನ್ ಮೀರಿದ ಒಂದೊಂದು ಪಾವತಿಗೂ 3 ಶೇಕಡಾ ಶುಲ್ಕ ಬೀಳುತ್ತದೆ, ಸ್ಥಳೀಯ ಬ್ಯಾಂಕ್ ಖಾತೆ ಆಗುವವರೆಗೆ ಚಿಕ್ಕಚಿಕ್ಕದಾಗಿ ಕೊಳ್ಳಿ. ಮೇಲೆ ಹೇಳಿದ ಹೆಸರುಗಳನ್ನು ಉಚ್ಚರಿಸಿದರೆ ಅಂಗಡಿಯವರಿಗೆ ಸುಲಭವಾಗಿ ತಿಳಿಯದು, ಸ್ವರದ ಏರಿಳಿತ ತಪ್ಪುತ್ತದೆ. ಯಜಮಾನರ ಸಹೋದ್ಯೋಗಿಯೊಬ್ಬರಿಂದ ಇವನ್ನೆಲ್ಲ ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ, ತೋರಿಸಿದರೆ ಸಾಕು, ಆನ್‌ಲೈನಿನಲ್ಲಿ ಅಂಟಿಸಿ ಹುಡುಕಲೂ ಬೇಕು. ತೊಗರಿ, ಉದ್ದು ಮುಗಿದಾಗ ಯೀವು, ಕೆಛಿಯಾವ್, ಶಾಂಘೈಗಳಲ್ಲಿರುವ ಭಾರತೀಯ ಅಂಗಡಿಗಳಿಂದ ಕೊರಿಯರ್‌ನಲ್ಲಿ ತರಿಸಿಕೊಳ್ಳಬಹುದು.

ಹೊರಗೆ ತಿನ್ನುವಾಗ ಮಾಂಸದ ತುಂಡು ಕಾಣುವುದಿಲ್ಲ ಎಂಬುದರಿಂದ ಏನೂ ತಿಳಿಯುವುದಿಲ್ಲ. ಸೊಪ್ಪನ್ನು ಹಂದಿ ಕೊಬ್ಬಿನಲ್ಲಿ ಹುರಿದಿರಬಹುದು, ಕೋಳಿಯ ಸಾರಪುಡಿ ಉದುರಿಸಿರಬಹುದು, ಸಿಂಪಿಯ ಸಾಸ್ ಹಾಕಿರಬಹುದು. ಸುಝೌದ ಹೆಸರಾದ ನೂಡಲ್ ಬಟ್ಟಲಿನ ಮೇಲೆ ಅಣಬೆ, ತರಕಾರಿ ಮಾತ್ರ ಇದ್ದರೂ ಕೆಳಗಿನ ರಸ ಹಂದಿಮೂಳೆ, ಹಾವುಮೀನಿನ ಮೂಳೆ ಕುದಿಸಿದ್ದು. ಶರತ್ಕಾಲದಲ್ಲಿ ಎಲ್ಲೆಡೆ ಕಾಣುವ ಸುಝೌ ಶೈಲಿಯ ಪದರಪದರದ ಮೂನ್‌ಕೇಕಿನ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬೇ ಹಾಕುವುದು, ಒಳಗೆ ಸಿಹಿ ಹೂರಣ ಇದ್ದರೂ ಸಹ. ನೆರೆಯವರು ಮಗುವಿಗೆ ಕೊಟ್ಟಾಗ ಗೊತ್ತಿರಲಿ. ವೊ ಛಿ ಸೂ ಎಂದರೆ ನಾನು ಸಸ್ಯಾಹಾರಿ. ಅಷ್ಟಕ್ಕೇ ನಿಲ್ಲಿಸಬೇಡಿ, ಮಾಂಸ ಇಲ್ಲದ ಯಾವುದನ್ನೂ ಸೂ ಎಂದು ಕೊಟ್ಟುಬಿಡುತ್ತಾರೆ. ಬೂ ಫಾಂಗ್ ರೋವ್, ಬೂ ಫಾಂಗ್ ಜೂಯೋವ್, ಬೂ ಫಾಂಗ್ ಜೀಜಿಂಗ್, ಬೂ ಫಾಂಗ್ ಹಾವ್‌ಯೋವ್: ಮಾಂಸ, ಹಂದಿ ಕೊಬ್ಬು, ಕೋಳಿಪುಡಿ, ಸಿಂಪಿ ಸಾಸ್ ಹಾಕಬೇಡಿ. ಇದನ್ನೂ ಬರೆಸಿಟ್ಟುಕೊಂಡು ತೋರಿಸಿ.

ಮಕ್ಕಳಿಗೆ ಹಿಡಿಸುವ, ಎಲ್ಲ ಹೋಟೆಲಿನಲ್ಲೂ ಇರುವ ಅಡುಗೆ ಟೊಮೆಟೊ ಮೊಟ್ಟೆ, ಶಿಹೊಂಗ್‌ಶಿ ಛಾವ್ ಜೀದಾನ್. ಹುಳಿ ಖಾರದ ಆಲೂಗಡ್ಡೆ ಎಳೆ, ಆಲೂಗಡ್ಡೆ ಬದನೆ ದೊಣ್ಣೆಮೆಣಸು ಸೇರಿಸಿದ ದೀಸಾನ್‌ಶಿಯೆನ್, ಜಜ್ಜಿದ ಸೌತೆಕಾಯಿ ಇವುಗಳಲ್ಲೂ ಸಾಮಾನ್ಯವಾಗಿ ಮಾಂಸ ಇರುವುದಿಲ್ಲ, ಆದರೂ ಮೇಲಿನ ನಾಲ್ಕು ಸಾಲು ತೋರಿಸಿಯೇ ಹೇಳಿ. ಮಾಪೋ ತೋಫು, ಒಣಗೆ ಹುರಿದ ಹುರುಳಿಕಾಯಿ ಎರಡರಲ್ಲೂ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತದೆ. ಬೆಳಿಗ್ಗೆ ಬೀದಿಯಲ್ಲಿ ಸೋಯಾಹಾಲು, ಒಳಗೆ ಏನೂ ತುಂಬದೆ ಹಬೆಯಲ್ಲಿ ಬೇಯಿಸಿದ ಮಾಂತೋವ್ ಬನ್ನು ಸರಿ. ತರಕಾರಿ ತುಂಬಿದ ಬನ್ನಿಗೆ ಹಂದಿ ಕೊಬ್ಬು ಸೇರಿಸುವುದು ರೂಢಿ, ಕೇಳಿ ಕೊಳ್ಳಿ. ನಿಶ್ಚಿಂತೆಯಿಂದ ನೂಡಲ್ ತಿನ್ನಬೇಕೆಂದರೆ ಊರೊಳಗಿನ ಶಿಯುವಾನ್ ಬೌದ್ಧ ದೇವಾಲಯದ ಸಸ್ಯಾಹಾರಿ ನೂಡಲ್ ಮನೆಗೆ ಹೋಗಿ. ಅಲ್ಲಿ ರಸವೂ ಅಣಬೆಯದು, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಗಳ ಶಾಲೆಯಲ್ಲಿ ಊಟ ಕೊಡುವುದಾದರೆ ಸೇರಿಸುವ ದಿನವೇ ಮೇಲಿನ ನಾಲ್ಕು ಸಾಲನ್ನು ಚೀನೀ ಲಿಪಿಯಲ್ಲಿ ಬರೆದು ತರಗತಿಯ ಶಿಕ್ಷಕಿಗೆ ಕೊಡಿ, ಮೊಟ್ಟೆ ಹಾಲು ಆಗುತ್ತದೆ ಎಂಬುದನ್ನೂ ಅದರಲ್ಲೇ ಬರೆಸಿ. ಇಲ್ಲದಿದ್ದರೆ ಸೂ ಎಂಬ ಒಂದೇ ಮಾತಿನಿಂದ ಮೊಟ್ಟೆಯನ್ನೂ ನಿಲ್ಲಿಸಿಬಿಡಬಹುದು.